ಬದಲಾಗುವ ಮಚ್ಚೆ

ಕೇಳುಗರಿಗೆ ನಮಸ್ಕಾರ. ಕೈಕೆಲಸ ಮಾಡುತ್ತಲೇ ಒಂದು ಕಿವಿಯನ್ನು ಇತ್ತ ಕೊಟ್ಟಿರುವ ತಾಯಂದಿರಿಗೆ, ಅಕ್ಕತಂಗಿಯರಿಗೆ ಇನ್ನೊಂದು ನಮಸ್ಕಾರ. ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳು ಒಂದೆಡೆ ಗುಂಪುಗೂಡಿದರೆ ಅದೇ ಮಚ್ಚೆ. ಹೆದರಬೇಕಾಗಿಲ್ಲ. ಆದರೆ ಬದಲಾಗುವ ಮಚ್ಚೆಯನ್ನು ವೈದ್ಯರಿಗೆ ತೋರಿಸಬೇಕು. ನಾನು ಹೇಳಲು ಬಂದಿರುವುದು ಇಷ್ಟೇ.

ಒಬ್ಬ ಮಹಿಳೆ ಕೆನ್ನೆಯ ಬಂಗಿಗೆ ಔಷಧ ಕೇಳಿಕೊಂಡು ಬಂದಿದ್ದರು. ಹಚ್ಚಿದ ಕ್ರೀಮುಗಳ ಹೆಸರನ್ನೆಲ್ಲ ಒಂದೊಂದಾಗಿ ಹೇಳಿದರು, ನಾನೂ ಕೇಳಿದೆ. ಎದ್ದು ಚಪ್ಪಲಿ ಮೆಟ್ಟುವಾಗ ಅವರ ಹಿಮ್ಮಡಿಯ ಅಡಿಭಾಗ ಕಣ್ಣಿಗೆ ಬಿತ್ತು. ಹೆಬ್ಬೆರಳ ಉಗುರಿನಗಲದ ಕಲೆ. ಅಂಚು ಶಾಯಿ ಚೆಲ್ಲಿ ಹರಡಿದಂತೆ, ಒಂದು ಬದಿ ಕಂದು, ಇನ್ನೊಂದು ಬದಿ ಕಡುಗಪ್ಪು.

“ಇದೇನಮ್ಮ?”

“ಅದು ಆಣಿ ಡಾಕ್ಟರೇ. ಆಗಾಗ ಬ್ಲೇಡಿನಿಂದ ಕೆರೆದುಕೊಳ್ಳುತ್ತೇನೆ.”

“ಎಷ್ಟು ದಿನದಿಂದ?”

“ಎರಡು ವರ್ಷವಾಯಿತು. ಮೊದಲು ಚುಕ್ಕೆಯಷ್ಟಿತ್ತು.”

ಎರಡು ವರ್ಷ! ಕೆನ್ನೆಯನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡಿಕೊಳ್ಳುವವರು ಅಂಗಾಲನ್ನು ಒಮ್ಮೆಯಾದರೂ ತಿರುಗಿಸಿ ನೋಡಬಾರದೇ? ಬಯಾಪ್ಸಿ, ಅಂದರೆ ಚರ್ಮದ ಚೂರು ತೆಗೆದು ಪರೀಕ್ಷೆ, ಮಾಡಿಸಿದೆವು. ಮೆಲನೋಮಾ, ಅಂದರೆ ಆ ಬಣ್ಣದ ಜೀವಕಣಗಳಿಗೇ ಬರುವ ಕ್ಯಾನ್ಸರ್. ಆಳ ಒಂದು ಮಿಲಿಮೀಟರಿಗಿಂತ ಕಡಿಮೆ ಇದ್ದುದರಿಂದ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯಿತು. ಆಳಕ್ಕಿಳಿದಿದ್ದರೆ ರಕ್ತದ ಮೂಲಕ ಶ್ವಾಸಕೋಶಕ್ಕೂ ಮಿದುಳಿಗೂ ಹೋಗಬಹುದಿತ್ತು. ಆಕೆ ಆರೋಗ್ಯವಾಗಿದ್ದಾರೆ, ಬಂಗಿನ ಕ್ರೀಮನ್ನು ಈಗಲೂ ಕೇಳುತ್ತಾರೆ.

ಸ್ಟುಡಿಯೋದ ಗಾಜಿನಾಚೆಯಿಂದ ಸಮಯವಾಯಿತೆಂದು ಕೈ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಬಿಳಿ ಚರ್ಮದ ಹೆಂಗಸರಿಗೆ ಇದು ಹೆಚ್ಚಾಗಿ ಕಾಲಿನಲ್ಲಿ ಬರುತ್ತದೆ, ಅದಕ್ಕೆ ಬಿಸಿಲು ಮುಖ್ಯ ಕಾರಣ. ಕಪ್ಪು, ಕಂದು ಚರ್ಮದವರಿಗೆ ಬರುವುದೇ ಅಪರೂಪ. ಬಂದರೆ ಬಿಸಿಲೇ ಕಾಣದ ಅಂಗಾಲು, ಅಂಗೈ, ಉಗುರಿನ ಅಡಿಯನ್ನು ನೋಡಿ. ಗಾಯಕ ಬಾಬ್ ಮಾರ್ಲಿಗೆ ಬಂದದ್ದು ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ. ಮೈಮೇಲೆ ನೂರಕ್ಕೂ ಹೆಚ್ಚು ಮಚ್ಚೆಗಳಿದ್ದವರು ಇನ್ನಷ್ಟು ಎಚ್ಚರವಾಗಿರಬೇಕು. 6 ಮಿಲಿಮೀಟರಿಗಿಂತ ಅಗಲವಾದದ್ದು, ಎರಡು ಅರ್ಧಗಳು ಒಂದಕ್ಕೊಂದು ಹೊಂದದಿರುವುದು, ರಕ್ತ ಒಸರುವುದು, ಹೊಸದಾಗಿ ಹುಟ್ಟಿ ಬೆಳೆಯುತ್ತಿರುವುದು, ಎಲ್ಲವನ್ನೂ ತೋರಿಸಿ. ಬಸಿರಿನಲ್ಲಿ ಮಚ್ಚೆ ಬದಲಾದರೆ ‘ಬಸಿರಿನದ್ದೇ ಇರಬೇಕು’ ಎಂದು ಸುಮ್ಮನಾಗಬೇಡಿ. ಬದಲಾಯಿತೇ, ತೋರಿಸಿ.

ಬ್ಲೇಡು ಮಾತ್ರ ಮುಟ್ಟಬೇಡಿ. ವೈದ್ಯರ ಬಳಿ ಹೋಗುವಾಗ ಉಗುರಿನ ಬಣ್ಣ ಒರೆಸಿಕೊಂಡು ಹೋಗಿ, ಅದರಡಿ ಕಪ್ಪು ಗೆರೆಯಿದ್ದರೆ ಅವರಿಗೂ ಕಾಣಲಿ. ನಮಸ್ಕಾರ.