ಜೊಂಡಿನ ಬುಡದಲ್ಲಿ ಏನಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಯುಗಾದಿ ಕಳೆದ ಮೇಲೆ ಒಂದು ದಿನ ಶಹಾಪುರದ ಕಡೆ ಒಂದು ಹೊಲಕ್ಕೆ ಹೋಗಿದ್ದೆ. ಕಾಲುವೆ ಪಕ್ಕದ ಹೊಲ. ಮೊದಲು ಅಲ್ಲಿ ಭತ್ತ ಚೆನ್ನಾಗಿ ಬರುತ್ತಿತ್ತಂತೆ. ಈಗ ತಗ್ಗಿನ ಭಾಗವೆಲ್ಲ ಸವಳು-ಜವಳು. ಒಂದು ಕಡೆ ನೀರು ನಿಂತು ಕೆಸರು, ಇನ್ನೊಂದು ಕಡೆ ನೆಲದ ಮೇಲೆ ಬಿಳಿ ಉಪ್ಪು. ನಡುವೆ ಆಳೆತ್ತರದ ಜೊಂಡು. ಹೊಲದ ಯಜಮಾನರು ನನ್ನನ್ನು ಕೇಳಿದರು: "ಸರ, ಈ ಜೊಂಡಿನ ಬೇರಿನಾಗ ಏನರ ವಿಷ ಅದ ಏನ್ರಿ? ಇದು ಬಂದ ಜಾಗದಾಗ ಬ್ಯಾರೆ ಒಂದು ಹುಲ್ಲುಕಡ್ಡಿನೂ ಹುಟ್ಟವಲ್ದು."

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಇಷ್ಟು ಒಳ್ಳೆಯ ಪ್ರಶ್ನೆ ಕ್ಲಾಸಿನಲ್ಲಿ ಅಪರೂಪಕ್ಕೆ ಬರುತ್ತದೆ. ಇದೇ ಪ್ರಶ್ನೆ ಹಿಡಿದು ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ವಾದ ಮಾಡಿದ್ದಾರೆ. ಆ ಕಥೆಯನ್ನೇ ಇವತ್ತು ನಿಮಗೆ ಹೇಳಬೇಕು.

ಕಲಬುರಗಿಯಿಂದ ಸಮುದ್ರ ಬಹಳ ದೂರ. ಆದರೆ ಸವಳು-ಜವಳು ನೋಡಿದವರಿಗೆ ಕರಾವಳಿಯ ಜೌಗು ನೆಲ ಅರ್ಥವಾಗುವುದು ಕಷ್ಟವಲ್ಲ. ಸಮುದ್ರ ಉಬ್ಬಿದಾಗ ಉಪ್ಪು ನೀರು ಒಳಗೆ ಬರುತ್ತದೆ, ಇಳಿದಾಗ ಹೋಗುತ್ತದೆ. ಕೆಸರು ಮಾತ್ರ ಯಾವಾಗಲೂ ಒದ್ದೆ. ಉಪ್ಪೂ ಇದೆ, ನೀರೂ ನಿಂತಿದೆ. ಅಂಥ ಕಡೆ ಸ್ಪಾರ್ಟಿನಾ ಅನ್ನುವ ಹುಲ್ಲು ತಲೆತಲಾಂತರದಿಂದ ಬೆಳೆದುಕೊಂಡು ಬಂದಿದೆ. ಮೀನು, ಏಡಿ, ಹಕ್ಕಿಗಳಿಗೆ ಅದೇ ಆಸರೆ. ಈ ಹುಲ್ಲಿನ ಜಾಗಕ್ಕೆ ಈಗ ಒಂದು ಜೊಂಡು ನುಗ್ಗುತ್ತಿದೆ. ಫ್ರಾಗ್ಮೈಟಿಸ್ ಅಂತ ಅದರ ಹೆಸರು. ಎರಡಾಳು ಎತ್ತರ ಬೆಳೆಯುತ್ತದೆ, ನೆಲದೊಳಗೆ ಗಡ್ಡೆಬೇರು ಹರಡಿಕೊಂಡು ಹೋಗುತ್ತದೆ.

ಈ ಜೊಂಡು ಅಲ್ಲಿಗೆ ಹೊಸದೇನಲ್ಲ. ಹಾಗಾದರೆ ಇದ್ದಕ್ಕಿದ್ದಂತೆ ಇಷ್ಟು ಸೊಕ್ಕಿದ್ದು ಯಾಕೆ? ಕ್ರಿಸ್ಟಿನ್ ಸಾಲ್ಟನ್‌ಸ್ಟಾಲ್ ಅನ್ನುವ ವಿಜ್ಞಾನಿ ಹಳೆಯ ಕಾಲದಲ್ಲಿ ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟಿದ್ದ ಜೊಂಡಿನ ಮಾದರಿಗಳನ್ನು ಹುಡುಕಿ ತೆಗೆದರು. ಅವುಗಳ ಡಿಎನ್ಎಯನ್ನು ಈಗಿನ ಜೊಂಡಿನ ಜೊತೆ ಹೋಲಿಸಿದರು. 2002ರಲ್ಲಿ ಉತ್ತರ ಸಿಕ್ಕಿತು. ನೋಡಲು ಒಂದೇ ಥರ ಇದ್ದರೂ ಈಗ ಹಬ್ಬುತ್ತಿರುವುದು ಹೊರಗಿನಿಂದ ಬಂದ ತಳಿ. ಊರಿನದೇ ಹೆಸರಿಟ್ಟುಕೊಂಡು ಬೇರೆಯವರು ಬಂದು ಮನೆ ಮಾಡಿದ ಹಾಗೆ. ಯಾರಿಗೂ ಗೊತ್ತೇ ಆಗಿರಲಿಲ್ಲ.

ಈಗ ವಿಷದ ವಿಚಾರಕ್ಕೆ ಬರೋಣ. ಒಂದು ಗಿಡ ತಾನು ಬಿಡುವ ರಾಸಾಯನಿಕದಿಂದ ಪಕ್ಕದ ಗಿಡದ ಮೇಲೆ ಪರಿಣಾಮ ಮಾಡುವುದಕ್ಕೆ ಅಲ್ಲೆಲೋಪತಿ ಅನ್ನುತ್ತಾರೆ. ಆಸ್ಟ್ರಿಯಾದ ಹಾನ್ಸ್ ಮೋಲಿಶ್ 1937ರಲ್ಲಿ ಈ ಹೆಸರು ಕೊಟ್ಟರು. ಹಣ್ಣಾದ ಸೇಬಿನಿಂದ ಬರುವ ಎಥಿಲೀನ್ ಗಾಳಿ ಪಕ್ಕದ ಗಿಡಗಳಿಗೆ ಏನು ಮಾಡುತ್ತದೆ ಅಂತ ಅವರು ನೋಡುತ್ತಿದ್ದರು. ಹುಲ್ಲಿನಲ್ಲಿ ಮಾವಿನಕಾಯಿ ಮುಚ್ಚಿಟ್ಟಾಗ ಹಣ್ಣಾದ ಒಂದು ಮಾವು ಉಳಿದವನ್ನೂ ಹಣ್ಣು ಮಾಡುತ್ತದಲ್ಲ, ಅದೂ ಇದೇ ಎಥಿಲೀನಿನ ಕೆಲಸ.

ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ ನಮ್ಮ ತಾಟಿನಲ್ಲೇ ಇದೆ. ನಮ್ಮ ಮುತ್ಯಾ ಹೇಳುತ್ತಿದ್ದರು: "ಜ್ವಾಳ ಹೊಲದ ಕಸುವು ಹೀರ್ತದ ತಮ್ಮಾ, ಅದರ ಬೆನ್ನಿಗೆ ಬಂದ ಬೆಳಿ ಏಳೂದಿಲ್ಲ." ಕಸುವು ಹೀರುವುದು ನಿಜ. ಆದರೆ ಅಷ್ಟೇ ಅಲ್ಲ. ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹಚ್ಚುತ್ತೇನೆ. ಹತ್ತಿಪ್ಪತ್ತು ಜೋಳದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಮಡಚಿಡಬೇಕು. ನೀರಲ್ಲಿ ಮುಳುಗಿಸಬಾರದು, ತೇವ ಇದ್ದರೆ ಸಾಕು. ನಾಲ್ಕೈದು ದಿನ ಬಿಟ್ಟು ಬಿಚ್ಚಿದರೆ ಬಿಳಿ ಬೇರಿನ ಮೇಲೆ ಹತ್ತಿಯ ಎಳೆಯಂಥ ಸಣ್ಣ ರೋಮ ಎದ್ದಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ರೋಮಗಳ ತುದಿಗೆ ಬಂಗಾರದ ಬಣ್ಣದ ಎಣ್ಣೆಯ ಹನಿಗಳು! ಮೊದಲ ಸಲ ನೋಡಿದ ಹುಡುಗರು ಮಾತು ಮರೆತು ನಿಲ್ಲುತ್ತಾರೆ. ನನಗೂ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆ ಹನಿಯ ಮುಖ್ಯ ವಸ್ತು ಸೋರ್ಗೋಲಿಯೋನ್. ಎಳೆಯ ಕಸದ ಗಿಡಗಳಲ್ಲಿ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಕೆಲಸವನ್ನೇ ಅದು ತಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಕಳೆನಾಶಕಗಳು ಕೆಲಸ ಮಾಡುವುದೂ ಹೀಗೆಯೇ. ನಮ್ಮ ಬದುವಿನ ಮೇಲಿನ ಕಾಂಗ್ರೆಸ್ ಕಸದಲ್ಲೂ ಪಾರ್ಥೆನಿನ್ ಅನ್ನುವ ಇಂಥದೊಂದು ವಸ್ತು ಇದೆ.

ಹಾಗಾದರೆ ಜೊಂಡಿನಲ್ಲೂ ಇರಬೇಕಲ್ವಾ? ಡೆಲವೇರ್ ವಿಶ್ವವಿದ್ಯಾಲಯದ ಹರ್ಷ್ ಬೈಸ್ ಮತ್ತು ಜೊತೆಗಾರರು 2007ರಲ್ಲಿ ಇದೆ ಅಂದರು. ಜೊಂಡಿನ ಬೇರು ಗ್ಯಾಲಿಕ್ ಆಮ್ಲ ಬಿಡುತ್ತದೆ, ಅದು ಪಕ್ಕದ ಗಿಡದ ಬೇರಿನ ಜೀವಕೋಶಗಳನ್ನು ಒಳಗಿನಿಂದಲೇ ಕೆಡಿಸುತ್ತದೆ ಅಂತ ತೋರಿಸಿದರು. ಗ್ಯಾಲಿಕ್ ಆಮ್ಲ ನಮಗೆ ಹೊಸದಲ್ಲ. ಅಳಲೆಕಾಯಿ ಕಚ್ಚಿದರೆ ಬಾಯೆಲ್ಲ ಒಗರಾಗುತ್ತದಲ್ಲ, ಅದರಲ್ಲಿ ಗ್ಯಾಲಿಕ್ ಆಮ್ಲವೂ ಅದರ ಬಳಗದ್ದೂ ತುಂಬಿವೆ. ಎರಡು ವರ್ಷದ ನಂತರ ಅದೇ ಗುಂಪು ಇನ್ನೊಂದು ಮಾತು ಸೇರಿಸಿತು. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಗ್ಯಾಲಿಕ್ ಆಮ್ಲ ಒಡೆದು ಮೆಸಾಕ್ಸಾಲಿಕ್ ಆಮ್ಲವಾಗುತ್ತದೆ, ಅದೂ ಬೇರೆ ಗಿಡಗಳಿಗೆ ವಿಷ.

ಕಥೆ ಇಲ್ಲಿಗೇ ಮುಗಿದಿದ್ದರೆ ಹೊಲದ ಯಜಮಾನರಿಗೆ ನಾನು ಸುಲಭವಾಗಿ "ಹೌದು" ಅಂದುಬಿಡುತ್ತಿದ್ದೆ. ಆದರೆ 2013ರಲ್ಲಿ ಜೆಫ್ರಿ ವೈಡನ್‌ಹ್ಯಾಮರ್ ಮತ್ತು ಇತರರು ಮತ್ತೆ ಅಳೆದು ನೋಡಿದರು. ಜೊಂಡಿನಲ್ಲಿ ಸಿಕ್ಕ ಗ್ಯಾಲಿಕ್ ಆಮ್ಲ ಬಹಳ ಕಡಿಮೆ. ಬೇಕಂತಲೇ ಮಣ್ಣಿಗೆ ಬೆರೆಸಿದರೂ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಗ್ಯಾಲಿಕ್ ಆಮ್ಲದ ಮೇಲೆ ಹೊರಿಸಿದ ಆರೋಪ ನಿಲ್ಲುವುದಿಲ್ಲ ಅಂದರು.

ಮಣ್ಣು ಅಂದರೆ ಗಾಜಿನ ತಟ್ಟೆಯಲ್ಲ ನೋಡಿ. ಬೀದರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿದರಿ ಸಾಮಾನಿಗೆ ಆ ಕರಿ ಬಣ್ಣ ಬರುವುದು ಕೋಟೆಯ ಮಣ್ಣಿನಿಂದ. ಮಣ್ಣು ತಾನೂ ಕೆಲಸ ಮಾಡುತ್ತದೆ. ಅದರೊಳಗಿನ ಸೂಕ್ಷ್ಮಜೀವಿಗಳು ಸಿಕ್ಕಿದ್ದನ್ನು ತಿಂದು ಬೇರೇನೋ ಮಾಡಿಬಿಡುತ್ತವೆ. ತಟ್ಟೆಯಲ್ಲಿ ಸಸಿ ಕೊಂದ ವಸ್ತು ಕೆಸರಿನಲ್ಲಿಯೂ ಕೊಲ್ಲುತ್ತದೆ ಅಂತ ಹೇಳಲು ಬರುವುದಿಲ್ಲ. ಮಣ್ಣಿಗೆ ಇದ್ದಿಲಿನ ಪುಡಿ ಬೆರೆಸಿ ವಿಷ ಹೀರಿಸಿ ಪರೀಕ್ಷೆ ಮಾಡುವ ಒಂದು ದಾರಿ ಇದೆ. ಆದರೆ ಇದ್ದಿಲು ಗೊಬ್ಬರದ ಅಂಶವನ್ನೂ ಏರುಪೇರು ಮಾಡುತ್ತದೆ. ಅಷ್ಟು ಸಿಕ್ಕು ಈ ವಿಷಯ.

ವಿಷ ಬಿಟ್ಟರೂ ಜೊಂಡಿನ ಹತ್ತಿರ ಉಪಾಯ ಕಡಿಮೆಯಿಲ್ಲ. ಎತ್ತರ ಬೆಳೆದು ನೆರಳು ಕವಿಸುತ್ತದೆ. ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ನೀರು ನಿಂತ ಕೆಸರಿನಲ್ಲಿ ಬೇರಿಗೆ ಉಸಿರು ಸಿಗುವುದಿಲ್ಲ. ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಬ್ಯಾಕ್ಟೀರಿಯಾಗಳು ಕೊಳೆತ ತತ್ತಿಯ ವಾಸನೆಯ ಗಾಳಿಯಾಗಿ ಮಾಡುತ್ತವೆ. ಅದು ಬೇರುಗಳಿಗೆ ನಿಜವಾದ ವಿಷ. ಜೊಂಡಿನ ದಂಟು ಒಳಗೆ ಪೊಳ್ಳು. ಹೋದ ವರ್ಷದ ಸತ್ತ ದಂಟುಗಳು ಮುರಿದು ನಿಂತಿರುತ್ತವಲ್ಲ, ಅವುಗಳ ಬಾಯಿಯ ಮೇಲೆ ಗಾಳಿ ಬೀಸಿದಾಗ ಒಳಗಿನ ಗಾಳಿ ಮೇಲಕ್ಕೆ ಎಳೆಯುತ್ತದೆ. ಆಗ ಬುಡದ ಹತ್ತಿರ ಮುರಿದ ಗಿಡ್ಡ ದಂಟುಗಳಿಂದ ಹೊಸ ಗಾಳಿ ಗಡ್ಡೆಬೇರಿಗೆ ಇಳಿಯುತ್ತದೆ. ಸತ್ತ ಕಡ್ಡಿ ಬದುಕಿದ ಬೇರಿಗೆ ಉಸಿರು ಕೊಡುತ್ತದೆ!

ಹಾಗಂತ ಜೊಂಡು ಯಾವಾಗಲೂ ಗೆಲ್ಲುವುದಿಲ್ಲ. ಯುರೋಪಿನ ಕೆಲವು ಕಡೆ ಅದೇ ಸಾಯತೊಡಗಿತ್ತು. ತನ್ನದೇ ಕಸ ಕೊಳೆತು ಬಿಟ್ಟ ಆಮ್ಲಗಳು ಅದರ ಬೇರನ್ನು ಸುಟ್ಟದ್ದೂ ಒಂದು ಕಾರಣ.

ಇನ್ನು ಅದಕ್ಕೆ ಬಾಗಿಲು ತೆರೆದವರು ಯಾರು? ಅಮೆರಿಕದ ಸಿಲಿಮನ್ ಮತ್ತು ಬರ್ಟ್‌ನೆಸ್ 2004ರಲ್ಲಿ ಇದನ್ನು ನೋಡಿದರು. ದಡದ ಮರಗಿಡ ಕಡಿದು ಕಟ್ಟಡ ಕಟ್ಟಿದ ಕಡೆ ಸಿಹಿನೀರು ಜೌಗಿಗೆ ಹರಿದು ಉಪ್ಪು ಕಡಿಮೆಯಾಗಿತ್ತು, ಸಾರಜನಕ ಜಾಸ್ತಿಯಾಗಿತ್ತು. ಜೊಂಡು ಹಬ್ಬಿದ್ದೂ ಅಲ್ಲೇ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಬೇರಿನ ವಿಷ ಇರಲಿ ಬಿಡಲಿ, ಜಾಗ ಹದ ಮಾಡಿ ಕೊಟ್ಟವರು ಮನುಷ್ಯರು.

ಶಹಾಪುರದ ಹೊಲದಲ್ಲಿ ನಾವಿಬ್ಬರೂ ಸೇರಿ ಒಂದು ಜೊಂಡಿನ ಬುಡ ಅಗೆದೆವು. ಮಣ್ಣು ಕಪ್ಪಗೆ, ಅದೇ ಕೊಳೆತ ತತ್ತಿ ವಾಸನೆ. ಬೇರಿಗೆ ಅಂಟಿದ ಮಣ್ಣು ಮಾತ್ರ ತುಕ್ಕಿನ ಹಾಗೆ ಕೆಂಪು. ಬೇರಿನಿಂದ ಸೋರಿದ ಗಾಳಿಗೆ ಮಣ್ಣಿನ ಕಬ್ಬಿಣ ತುಕ್ಕು ಹಿಡಿದಿತ್ತು. ಯಜಮಾನರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಹೇಳಿದರು: "ಬಸಿಗಾಲುವಿ ಹೂಳು ತುಂಬಿ ಆರು ವರ್ಷ ಆತ್ರಿ. ನೀರು ಹೋಗಲಿಕ್ಕೆ ದಾರಿನೇ ಇಲ್ಲ."

ಅಲ್ಲೇ ಗೂಟ ಬಡಿದು ಮೂರು ತುಂಡು ಗುರುತು ಮಾಡಿದೆವು. ಒಂದರಲ್ಲಿ ಜೊಂಡು ಬರೀ ಕೊಯ್ಯುವುದು. ಎರಡನೆಯದರಲ್ಲಿ ಕೊಯ್ದು ಗಡ್ಡೆಯನ್ನೂ ತೆಗೆಯುವುದು. ಮೂರನೆಯದರಲ್ಲಿ ಜೊಂಡು ಕೊಯ್ದು ಗಡ್ಡೆ ಬಿಟ್ಟು ಬಸಿಗಾಲುವೆ ಬಿಡಿಸುವುದು. ಮುಂಗಾರು ಬಿದ್ದ ಮೇಲೆ ಮೂರಕ್ಕೂ ಹಸಿರು ಗೊಬ್ಬರದ ಗಿಡ ಡೈಂಚಾದ ಬೀಜ. ಮೊದಲನೆಯದರಲ್ಲೇ ಡೈಂಚಾ ಎದ್ದರೆ ತಪ್ಪು ನೆರಳಿನದು. ಮೂರನೆಯದರಲ್ಲಿ ಮಾತ್ರ ಎದ್ದರೆ ನಿಂತ ನೀರಿನದು. ಎರಡನೆಯದರಲ್ಲಿ ಮಾತ್ರ ಎದ್ದರೆ ಯಜಮಾನರು ಕೇಳಿದ್ದೇ ಸರಿ ಇರಬಹುದು, ಬೇರಿನ ಸುತ್ತಲಿನ ಮಣ್ಣನ್ನು ಲ್ಯಾಬಿಗೆ ತರಬೇಕು.

ದೀಪಾವಳಿ ಹೊತ್ತಿಗೆ ಮತ್ತೆ ಹೋಗುತ್ತೇನೆ. ನಮಸ್ಕಾರ.