ಬಚ್ಚಲ ನೀರಿಗೂ ಒಂದು ಕಾನೂನು ಬೇಕು

ಕೇಳುಗರಿಗೆ ನಮಸ್ಕಾರ.

ಬಚ್ಚಲ ನೀರು ಹಿತ್ತಲಿನ ಗಿಡಕ್ಕೆ ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ಮಲೆನಾಡಿರಲಿ, ಕರಾವಳಿಯಿರಲಿ, ಬಯಲು ಸೀಮೆಯಿರಲಿ, ಬಚ್ಚಲ ಗೋಡೆಯ ಆಚೆ ಬಾಳೆಯೋ, ಕೆಸುವೋ, ತೆಂಗೋ ಇದ್ದೇ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಮುಸುರೆ ನೀರು ಕಲಗಚ್ಚಾಗಿ ಕೊಟ್ಟಿಗೆಗೆ ಹೋಗುತ್ತಿತ್ತು. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಮನೆಗಳ ನಡುವೆ ಜಾಗ ಇತ್ತು, ನೀರು ಕಡಿಮೆ ಬಳಸುತ್ತಿದ್ದರು, ಸೀಗೆಪುಡಿ, ಕಡಲೆಹಿಟ್ಟು ಹಚ್ಚಿ ಸ್ನಾನ ಮಾಡುತ್ತಿದ್ದರು.

ಈಗ ಹಾಗಿಲ್ಲ. ಒಂದು ಬಟ್ಟೆ ತೊಳೆಯುವ ಮೆಷಿನ್ ಒಂದೇ ಸಲಕ್ಕೆ ಎಷ್ಟೋ ಬಕೆಟ್ ನೀರು ಹೊರಗೆ ಹಾಕುತ್ತದೆ. ಮನೆ ಪಕ್ಕದಲ್ಲೇ ಇನ್ನೊಂದು ಮನೆ. ಹಾಗಾಗಿ ನಿಯಮ ಬೇಕು. ಆದರೆ ಎಂಥ ನಿಯಮ? ಸ್ನಾನದ ನೀರನ್ನೂ ಪಾಯಿಖಾನೆ ನೀರನ್ನೂ ಬೇರೆ ಬೇರೆಯಾಗಿ ನೋಡುವ ನಿಯಮ. ಸಣ್ಣ ಮನೆಯವರನ್ನು ಸುಮ್ನೆ ಅಲೆದಾಡಿಸದ, ದೊಡ್ಡ ಕಟ್ಟಡಗಳನ್ನು ಬಿಗಿಯಾಗಿ ಹಿಡಿಯುವ ನಿಯಮ. ಇವತ್ತಿನ ನನ್ನ ಮಾತೆಲ್ಲ ಇಷ್ಟಕ್ಕೇ ಸಂಬಂಧಿಸಿದ್ದು.

ಸ್ನಾನ, ಬಟ್ಟೆ ಒಗೆತ, ಕೈ ತೊಳೆಯುವ ಬೇಸಿನ್, ಇವುಗಳಿಂದ ಬರುವ ನೀರಿಗೆ ಸರ್ಕಾರದ ಕಾಗದಗಳಲ್ಲಿ ಬೂದು ನೀರು ಎನ್ನುತ್ತಾರೆ. ಪಾಯಿಖಾನೆಯಿಂದ ಬರುವುದು ಕಪ್ಪು ನೀರು. ಎರಡರ ಕೊಳೆಯೂ ಒಂದೇ ಅಲ್ಲ, ಅಪಾಯವೂ ಒಂದೇ ಅಲ್ಲ. ಆದರೆ ನಮ್ಮ 1974ರ ಜಲಮಾಲಿನ್ಯ ತಡೆ ಕಾಯ್ದೆಯನ್ನು ತೆರೆದು ನೋಡಿ. ಕೊಳಚೆ ನೀರು ಅಂದರೆ ಏನು ಎಂದು ಹೇಳುವಾಗ ತೆರೆದ ಮೋರಿಯಲ್ಲಿ ಹರಿಯುವ ಬಚ್ಚಲ ನೀರನ್ನೂ ಅದರೊಳಗೇ ಸೇರಿಸಿದ್ದಾರೆ. ಆಗಿನ ಕಾಲಕ್ಕೆ ಅದು ಸರಿಯೇ ಇತ್ತು. ಮೋರಿಗೆ ಬಿದ್ದ ಮೇಲೆ ಎಲ್ಲಾ ನೀರೂ ಕೊಳಕೇ ತಾನೆ. ಆದರೆ ಮೋರಿಗೆ ಬೀಳುವ ಮೊದಲೇ, ಮನೆಯ ಅಂಗಳದಲ್ಲೇ ಆ ನೀರನ್ನು ಬಳಸುತ್ತೇನೆ ಎನ್ನುವವರಿಗೆ ದಾರಿ ತೋರಿಸುವ ಸರಳ ನಿಯಮ ಬೇಕಲ್ಲವೇ?

ಲೆಕ್ಕ ನೋಡೋಣ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ನಮ್ಮ ಎಂಜಿನಿಯರುಗಳು ಬಹಳ ಕಾಲದಿಂದ ಇಟ್ಟುಕೊಂಡ ಅಳತೆ. ಅದನ್ನು ಹೀಗೆ ಹಂಚುತ್ತಾರೆ: ಸ್ನಾನಕ್ಕೆ 55, ಬಟ್ಟೆಗೆ 20, ಫ್ಲಶ್‌ಗೆ 30, ಪಾತ್ರೆಗೆ 10, ಮನೆ ಒರೆಸಲು 10, ಅಡುಗೆಗೆ 5, ಕುಡಿಯಲು 5. ಈಗ ನಾಲ್ಕು ಜನರ ಮನೆ ತೆಗೆದುಕೊಳ್ಳಿ. ಸ್ನಾನ ಮತ್ತು ಬಟ್ಟೆಯ ನೀರೇ ದಿನಕ್ಕೆ 300 ಲೀಟರ್. ಫ್ಲಶ್‌ಗೆ ಬೇಕಾಗಿರುವುದು 120. ಅಂದರೆ ಈ ನೀರಿನಲ್ಲೇ ಫ್ಲಶ್ ಮುಗಿದು, ಗಿಡಗಳಿಗೆ ಇನ್ನೂ 180 ಲೀಟರ್ ಉಳಿಯುತ್ತದೆ. ಈ 300 ಲೀಟರನ್ನು ಮೋರಿಗೆ ಬಿಟ್ಟು, ಫ್ಲಶ್‌ಗೆ ಮತ್ತೆ ಕಾವೇರಿ ನೀರನ್ನೇ ಹಾಕುತ್ತಿದ್ದೇವೆ.

ಬೆಂಗಳೂರಿಗೆ ಆ ಕಾವೇರಿ ಹೇಗೆ ಬರುತ್ತಾಳೆ ಅನ್ನೋದನ್ನು ನೆನಪಿಸಿಕೊಳ್ಳಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ ಮೇಲಕ್ಕೆ ಎತ್ತಿ ತರುತ್ತಾರೆ. ಪ್ರತಿ ಲೀಟರಿಗೂ ಕರೆಂಟ್ ಖರ್ಚು. 2024ರ ಮಾರ್ಚಿನಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಸರ್ಕಾರದ್ದೇ ಸುಮಾರು 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿಹೋಗಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಆ ಆದೇಶ ಬೇಕಾಗಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಗಿಡಕ್ಕೆ ಯಾವ ನೀರು ಹಾಕಬಾರದು ಎಂದು ಹೇಳಿದ ಮೇಲೆ, ಯಾವ ನೀರು ಹಾಕಬಹುದು, ಹೇಗೆ ಹಾಕಬಹುದು ಎಂಬುದನ್ನೂ ಪ್ರತಿ ಮನೆಗೆ ತಿಳಿಸಬೇಕಿತ್ತು. ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಬಂತು, ಜನ ನಿಟ್ಟುಸಿರು ಬಿಟ್ಟರು, ಈ ಮಾತು ಅಲ್ಲಿಗೇ ನಿಂತುಹೋಯಿತು.

ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ್ದು ಅಮೆರಿಕದ ಅರಿಜೋನಾ ರಾಜ್ಯದ ದಾರಿ. ಅದು ಮರುಭೂಮಿ ಸೀಮೆ. ಅಲ್ಲೂ ಮೊದಲು ಸ್ನಾನದ ನೀರನ್ನು ಗಿಡಕ್ಕೆ ಬಿಡಬೇಕಾದರೆ ಎಂಜಿನಿಯರು, ನಕ್ಷೆ, ಲೈಸೆನ್ಸು ಎಂದು ಅಲೆಯಬೇಕಿತ್ತು. ಯಾರೂ ಅಲೆಯಲಿಲ್ಲ. ಕದ್ದು ಬಿಟ್ಟುಕೊಂಡರು. ತೊಂಬತ್ತರ ದಶಕದ ಕೊನೆಗೆ ರಾಜ್ಯದ ದಕ್ಷಿಣ ಭಾಗದಲ್ಲಿ, ಟೂಸಾನ್ ನಗರದ ಸುತ್ತಮುತ್ತ, ಒಂದು ಸಮೀಕ್ಷೆ ಮಾಡಿದಾಗ ನೂರಕ್ಕೆ 13 ಮನೆಗಳವರು ಆಗಲೇ ಈ ನೀರನ್ನು ಬಳಸುತ್ತಿದ್ದಾರೆ ಎಂದು ಗೊತ್ತಾಯಿತು. ಅಷ್ಟು ಜನರ ಮೇಲೆ ಕೇಸು ಹಾಕುವುದಾ, ಇಲ್ಲ ಸರಿಯಾಗಿ ಮಾಡುವ ಬಗೆ ಹೇಳಿಕೊಡುವುದಾ? ಅವರು ಎರಡನೆಯದನ್ನು ಆರಿಸಿಕೊಂಡರು.

2001ರಲ್ಲಿ ಹೊಸ ನಿಯಮ ಬಂತು. ದಿನಕ್ಕೆ 400 ಗ್ಯಾಲನ್, ಅಂದರೆ ಸುಮಾರು 1,500 ಲೀಟರ್‌ಗಿಂತ ಕಡಿಮೆ ಇರುವ ಮನೆಗೆ ಯಾವ ಅರ್ಜಿಯೂ ಬೇಡ, ಶುಲ್ಕವೂ ಬೇಡ. ಕೆಲವು ಷರತ್ತು ಪಾಲಿಸಿದರೆ ಸಾಕು. ಅದಕ್ಕಿಂತ ಹೆಚ್ಚಾಗಿ 3,000 ಗ್ಯಾಲನ್‌ವರೆಗೆ ಬಳಸುವವರು ಅನುಮತಿ ಪಡೆಯಬೇಕು. ಅದನ್ನೂ ಮೀರಿದರೆ ಇನ್ನೂ ಕಟ್ಟುನಿಟ್ಟು. ಆ ಷರತ್ತುಗಳನ್ನು ಯಾರಾದರೂ ಅರ್ಥ ಮಾಡಿಕೊಳ್ಳಬಹುದು. ನೀರು ನಿಮ್ಮ ಸೈಟಿನ ಆಚೆ ಹರಿಯಬಾರದು. ಮೈಗೆ ತಾಗಬಾರದು, ಸ್ಪ್ರಿಂಕ್ಲರ್‌ನಲ್ಲಿ ಚಿಮ್ಮಿಸಬಾರದು. ಮಕ್ಕಳ ಡೈಪರ್ ತೊಳೆದ ನೀರು, ಎಣ್ಣೆ ಬಟ್ಟೆ ಒಗೆದ ನೀರು ಸೇರಬಾರದು. ಅಡುಗೆಮನೆ ಸಿಂಕಿನ ನೀರು ಇದರಲ್ಲಿ ಲೆಕ್ಕಕ್ಕಿಲ್ಲ. ತಿನ್ನುವ ಬೆಳೆಗಳಿಗೆ ಬೇಡ, ನಿಂಬೆ, ಕಿತ್ತಳೆ ಜಾತಿಯ ಮರಗಳಿಗೆ, ಬಾದಾಮಿಯಂಥ ಮರಗಳಿಗೆ ಪರವಾಗಿಲ್ಲ. ಪೈಪು ಕಟ್ಟಿಕೊಂಡರೆ ನೀರನ್ನು ಒಳಚರಂಡಿಗೆ ತಿರುಗಿಸುವ ಹಾಗಿರಬೇಕು. ಆಮೇಲೆ 2010ರ ಜೂನ್‌ನಿಂದ ಟೂಸಾನ್ ನಗರದಲ್ಲಿ ಕಟ್ಟುವ ಪ್ರತಿ ಹೊಸ ಮನೆಗೂ ಈ ನೀರಿಗೆ ಬೇರೆ ಪೈಪು ಬಿಟ್ಟಿರಲೇಬೇಕು ಎಂದು ಮಾಡಿದರು. ಕ್ಯಾಲಿಫೋರ್ನಿಯ ಕೂಡ 2009ರ ಬರಗಾಲದಲ್ಲಿ ಬಟ್ಟೆ ಮೆಷಿನ್ನಿನ ನೀರನ್ನು ಅನುಮತಿ ಇಲ್ಲದೆ ತೋಟಕ್ಕೆ ಬಿಡಬಹುದು ಎಂದಿತು. ಅಲ್ಲಿ ನೆಲೆಸಿರುವ ನಮ್ಮ ಕನ್ನಡದವರಿಗೂ ಇದು ಅನ್ವಯಿಸುತ್ತದೆ.

ಇದನ್ನು ಹಾಗೇ ಎತ್ತಿ ತಂದು ಇಲ್ಲಿ ಹಚ್ಚಿ ಎಂದು ನಾನು ಹೇಳುವುದಿಲ್ಲ. ನಮ್ಮ ಮಣ್ಣು ಬೇರೆ. ಕೋಲಾರ, ತುಮಕೂರಿನ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ. ಗದಗ, ವಿಜಯಪುರದ ಎರೆಮಣ್ಣು ಒದ್ದೆಯಾದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಇಂಗುಗುಂಡಿ ತೋಡಿದರೆ ಕೆಲವೇ ದಿನದಲ್ಲಿ ತುಂಬಿ ನಿಲ್ಲುತ್ತದೆ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಸರಾಗವಾಗಿ ಇಳಿಯುತ್ತದೆ, ಆದರೆ ಪಕ್ಕದಲ್ಲೇ ಕುಡಿಯುವ ಬಾವಿ ಇರುತ್ತದೆ. ಹಾಗಾಗಿ ಒಂದೇ ಅಳತೆಯ ಗುಂಡಿಯನ್ನು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಹೇಳುವುದು ಸರಿಯಲ್ಲ. ಎರೆಭೂಮಿಯಲ್ಲಿ ಗುಂಡಿಗಿಂತ ಕಾಬಾಳೆ, ಕೆಸು ಬೆಳೆಸಿದ ಜಲ್ಲಿ ಪಾತಿಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. ಕರಾವಳಿಯಲ್ಲಿ ಬಾವಿಯಿಂದ ದೂರ ಎಷ್ಟು ಎಂಬುದೇ ಮೊದಲ ಷರತ್ತಾಗಬೇಕು.

ಹಳ್ಳಿಗಳಲ್ಲಿ ಈ ಕೆಲಸ ಈಗಾಗಲೇ ಶುರುವಾಗಿದೆ ಎನ್ನುವುದು ಸಮಾಧಾನದ ಸಂಗತಿ. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರನ್ನು ಮನೆ ಬಾಗಿಲಿಗೆ ತರಲು ಹೊರಟಿತು. ನಲ್ಲಿ ಬಂದ ಕಡೆ ಬೀದಿಯಲ್ಲಿ ಬಚ್ಚಲ ನೀರೂ ಜಾಸ್ತಿಯಾಯಿತು. ಅದಕ್ಕೇ 2020ರಲ್ಲಿ ಶುರುವಾದ ಸ್ವಚ್ಛ ಭಾರತದ ಎರಡನೇ ಹಂತದಲ್ಲಿ ಬೂದು ನೀರಿಗೂ ಜಾಗ ಸಿಕ್ಕಿತು. 2021ರ ಸುಜಲಾಂ ಅಭಿಯಾನದಲ್ಲಿ ದೇಶದಾದ್ಯಂತ 10 ಲಕ್ಷ ಇಂಗುಗುಂಡಿಗಳ ಗುರಿ ಇಟ್ಟರು. ಗುಂಡಿ ತೋಡುವುದು ಸುಲಭ. ಅದರ ಜಲ್ಲಿಯನ್ನು ಆಗಾಗ ತೆಗೆದು ತೊಳೆದು ಹಾಕುವವರು ಯಾರು ಎಂಬುದನ್ನೂ ಪಂಚಾಯಿತಿಗಳು ಬರೆದಿಡಬೇಕು.

ಅಪಾಯಗಳನ್ನು ಮುಚ್ಚಿಡಬಾರದು. ಬೂದು ನೀರು ಶುದ್ಧ ನೀರಲ್ಲ. ಒಂದು ದಿನಕ್ಕಿಂತ ಹೆಚ್ಚು ಹೊತ್ತು ಹಾಗೇ ತುಂಬಿಟ್ಟರೆ ನಾರಲು ಶುರುವಾಗುತ್ತದೆ, ರೋಗಾಣು ಹೆಚ್ಚುತ್ತವೆ. ನಿಂತ ನೀರಿನಲ್ಲಿ ಸೊಳ್ಳೆ. 2024ರಲ್ಲಿ ನಮ್ಮ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ಎಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಎಂದಿತು. ಡ್ರಮ್ಮಿನಲ್ಲಿ ಬಚ್ಚಲ ನೀರು ಕೂಡಿಟ್ಟು ಮುಚ್ಚದೆ ಬಿಟ್ಟರೆ ಆ ದಂಡ ನ್ಯಾಯವೇ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗಿದ್ದರೆ ಅಷ್ಟು ದಿನ ನೀರನ್ನು ಒಳಚರಂಡಿಗೇ ತಿರುಗಿಸಬೇಕು. ಸೊಪ್ಪು, ಮೂಲಂಗಿ, ಕ್ಯಾರೆಟ್‌ಗೆ ಹಾಕಬಾರದು. ಬಚ್ಚಲ ಮಗ್ಗುಲಿನ ಬಸಳೆ ಚಪ್ಪರ ನೋಡಿ ಬೆಳೆದವರಿಗೆ ಈ ಮಾತು ಕಷ್ಟ ಅನ್ನಿಸಬಹುದು. ಆದರೂ ಹೇಳಲೇಬೇಕು.

ಸೋಪಿನ ಪುಡಿಯ ಬಗ್ಗೆಯೂ ಯೋಚಿಸಬೇಕು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆ ನೊರೆಗೆ ಊರಿನ ಕೊಳಚೆಯ ಜೊತೆ ನಮ್ಮ ಬಟ್ಟೆ ಒಗೆದ ಡಿಟರ್ಜೆಂಟೂ ಕಾರಣ. ಅದರಲ್ಲಿರುವ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ, ಬೋರಾನ್ ಹೆಚ್ಚಾದರೆ ಎಲೆ ಸುಡುತ್ತದೆ. ಪ್ಯಾಕೆಟ್ಟಿನ ಮೇಲೆ ಇವು ಎಷ್ಟಿವೆ ಎಂದು ಕನ್ನಡದಲ್ಲಿ ಅಚ್ಚು ಹಾಕಿಸುವುದು ಸರ್ಕಾರಕ್ಕೆ ದೊಡ್ಡ ಕೆಲಸವೇನಲ್ಲ.

ಇನ್ನು ದೊಡ್ಡವರ ವಿಷಯ. ಪಿಜಿಗಳು, ಹಾಸ್ಟೆಲ್‌ಗಳು, ಲಾಡ್ಜ್‌ಗಳು, ಕಲ್ಯಾಣ ಮಂಟಪಗಳು, ಲಾಂಡ್ರಿಗಳು. ನೂರು ಜನ ಇರುವ ಒಂದು ಪಿಜಿಯಲ್ಲಿ ಸ್ನಾನ ಮತ್ತು ಬಟ್ಟೆಯ ನೀರೇ ಅದೇ ಅಳತೆಯಲ್ಲಿ ದಿನಕ್ಕೆ 7,500 ಲೀಟರ್ ಆಗುತ್ತದೆ. ಇಲ್ಲಿ ಬಳಸುವವರು ಒಬ್ಬರು, ಯಜಮಾನರು ಇನ್ನೊಬ್ಬರು. ನೀರು ಸರಿಯಾಗಿ ಶುದ್ಧವಾಗದಿದ್ದರೆ ಕಾಯಿಲೆ ಬೀಳುವವರು ಅಲ್ಲಿ ಬಾಡಿಗೆಗೆ ಇರುವ ಹುಡುಗ ಹುಡುಗಿಯರು. ಆದ್ದರಿಂದ ಇಲ್ಲಿ ಅನುಮತಿ, ಮೀಟರು, ಲ್ಯಾಬ್ ಪರೀಕ್ಷೆ ಎಲ್ಲವೂ ಬೇಕು. ಪರೀಕ್ಷೆಯ ಫಲಿತಾಂಶವನ್ನು ಗೋಡೆ ಮೇಲೆ ಅಂಟಿಸಬೇಕು. ಸ್ಯಾನ್ ಫ್ರಾನ್ಸಿಸ್ಕೊ ನಗರ 2015ರಲ್ಲಿ ಎರಡೂವರೆ ಲಕ್ಷ ಚದರಡಿಗಿಂತ ದೊಡ್ಡ ಹೊಸ ಕಟ್ಟಡಗಳಿಗೆ ನೀರಿನ ಮರುಬಳಕೆ ಕಡ್ಡಾಯ ಮಾಡಿತು, ಆಮೇಲೆ ಆ ಮಿತಿಯನ್ನು ಒಂದು ಲಕ್ಷಕ್ಕೆ ಇಳಿಸಿತು. ನಮ್ಮಲ್ಲೂ ದೊಡ್ಡ ಅಪಾರ್ಟ್‌ಮೆಂಟುಗಳು ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಇಡಲೇಬೇಕು. ಆದರೆ ಹೆಚ್ಚಿನ ಕಡೆ ಸ್ನಾನದ ನೀರು, ಪಾಯಿಖಾನೆ ನೀರು ಎರಡನ್ನೂ ಕಲಸಿ, ಆಮೇಲೆ ಕರೆಂಟ್ ಸುರಿದು ತಿಳಿ ಮಾಡುತ್ತೇವೆ. ಮೊದಲೇ ಬೇರೆ ಇಟ್ಟರೆ ಅರ್ಧ ಶ್ರಮ ಉಳಿಯುತ್ತಿತ್ತು. 2024ರಲ್ಲಿ ಅಪಾರ್ಟ್‌ಮೆಂಟುಗಳು ಶುದ್ಧೀಕರಿಸಿದ ನೀರಿನಲ್ಲಿ ಅರ್ಧದಷ್ಟನ್ನು ಹೊರಗೆ ಮಾರಬಹುದು ಎಂದು ರಾಜ್ಯ ಸರ್ಕಾರ ಒಪ್ಪಿತು. ಒಳ್ಳೆಯ ಹೆಜ್ಜೆ. ಇದೇ ಮನಸ್ಸನ್ನು ಸಣ್ಣ ಮನೆಗಳ ಕಡೆಗೂ ತೋರಿಸಲಿ.

ಆಗುವುದಿಲ್ಲ ಎನ್ನುವವರಿಗೆ ಮಳೆಕೊಯ್ಲನ್ನು ನೆನಪಿಸುತ್ತೇನೆ. 2009ರಲ್ಲಿ ಬೆಂಗಳೂರಿನಲ್ಲಿ ಅದನ್ನು ಕಡ್ಡಾಯ ಮಾಡಿದಾಗಲೂ ಗೊಣಗಾಟ ಇತ್ತು. ಇವತ್ತು 30-40 ಸೈಟಿನಲ್ಲಿ ಮನೆ ಕಟ್ಟುವ ಮೇಸ್ತ್ರಿಗೂ ಅದರ ಪೈಪು ಹೇಗೆ ಇಳಿಸಬೇಕು ಎಂದು ಗೊತ್ತಿದೆ.

ಈ ವರ್ಷ ಮನೆ ಕಟ್ಟಿಸುತ್ತಿರುವವರು ಕಾನೂನಿಗೆ ಕಾಯಬೇಕಿಲ್ಲ. ಬಚ್ಚಲ ಪೈಪನ್ನೂ ಪಾಯಿಖಾನೆ ಪೈಪನ್ನೂ ಬೇರೆ ಬೇರೆ ಇಳಿಸಿ ಎಂದು ಪ್ಲಂಬರಿಗೆ ಮೊದಲೇ ಹೇಳಿ. ಬಚ್ಚಲ ಪೈಪು ಹೊರಗೆ ಬರುವ ಕಡೆ ಮೂರು ದಾರಿಯ ಒಂದು ವಾಲ್ವ್ ಹಾಕಿಸಿ, ಒಂದು ಕಡೆ ಗಿಡಕ್ಕೆ, ಇನ್ನೊಂದು ಕಡೆ ಒಳಚರಂಡಿಗೆ. ಟೈಲ್ಸ್ ಹಾಕುವ ಮೊದಲು ಮಾಡಿದರೆ ಇದಕ್ಕೆ ಒಂದಿಷ್ಟು ಪೈಪಿನ ಖರ್ಚು ಅಷ್ಟೇ. ಆಮೇಲೆ ಮಾಡಿಸಲು ಹೋದರೆ ನೆಲ ಒಡೆಯಬೇಕಾಗುತ್ತದೆ.

ನಮಸ್ಕಾರ.