ನಮ್ಮ ಪರವಾಗಿ ಕೂಗಿದ್ದು ಯಾರು?

ನಮಸ್ಕಾರ. ಮೊದಲು ಒಂದು ಪುಟ್ಟ ವಾಕ್ಯ ಹೇಳ್ತೀನಿ, ಕೇಳಿಸಿಕೊಳ್ಳಿ. "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು."

ಈ ಮಾತು ಈಗ ನಮ್ಮಿಂದ ಎರಡು ಸಾವಿರ ಕೋಟಿ ಕಿಲೋಮೀಟರಿಗೂ ಆಚೆ ಇದೆ. 1977ರಲ್ಲಿ ನಾಸಾ ವಾಯೇಜರ್ ಅನ್ನೋ ಜೋಡಿ ನೌಕೆಗಳನ್ನ ಹಾರಿಸ್ತಲ್ಲ, ಅವೆರಡರ ಮೈಗೂ ಚಿನ್ನದ ಲೇಪ ಕೊಟ್ಟ ತಾಮ್ರದ ಒಂದೊಂದು ತಟ್ಟೆ ಬಿಗಿದಿದ್ದಾರೆ. ನಮ್ಮ ತಾತನ ಕಾಲದ ಗ್ರಾಮಫೋನ್ ತಟ್ಟೆಯ ಥರದ್ದೇ. ಅದರಲ್ಲಿ 55 ಭಾಷೆಗಳಲ್ಲಿ ನಮಸ್ಕಾರ ಇದೆ, ಕನ್ನಡವೂ ಇದೆ. ತಮಿಳಿಲ್ಲ, ಮಲಯಾಳ ಇಲ್ಲ. ತಡೀರಿ, ಅದಕ್ಕೆ ಮೀಸೆ ತಿರುವೋಕೆ ಹೋಗಬೇಡಿ. ಸಮಯ ಕಡಿಮೆ ಇತ್ತು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸುತ್ತಮುತ್ತ ಯಾರು ಸಿಕ್ಕರೋ ಹೆಚ್ಚಾಗಿ ಅವರನ್ನೇ ಮೈಕ್ ಮುಂದೆ ಕೂರಿಸಿದ್ರು. ನಮ್ಮವರೊಬ್ಬರು ಸಿಕ್ಕಿದ್ರು, ಅಷ್ಟೇ.

ನನಗೆ ಇದನ್ನ ಕೇಳಿದಾಗೆಲ್ಲ ಮೈ ಜುಂ ಅನ್ನುತ್ತೆ. ಆದ್ರೆ ಪ್ರತಿ ಸಲವೂ ಒಂದು ಪದದ ಹತ್ರ ಬಂದು ನಿಂತುಬಿಡ್ತೀನಿ. "ಪರವಾಗಿ". ನಮ್ಮ ಪರವಾಗಿ. ನಮ್ಮನ್ನ ಯಾರಾದ್ರೂ ಕೇಳಿದ್ರಾ?

ಅದೇ ತಟ್ಟೆಯಲ್ಲಿ ಬೇರೆಯವರು ಏನು ಹೇಳಿದ್ದಾರೆ ನೋಡಿ, ಮಜಾ ಇದೆ. ಗುಜರಾತಿಯಲ್ಲಿ ಮಾತಾಡಿದವರು ವ್ಯವಹಾರಸ್ಥರು: ಭೂಮಿಯ ಒಬ್ಬ ಮನುಷ್ಯನ ನಮಸ್ಕಾರ, ದಯವಿಟ್ಟು ಸಂಪರ್ಕಿಸಿ ಅಂದಿದ್ದಾರೆ. ರಾಜಸ್ಥಾನಿಯಲ್ಲಿ, ನಾವಿಲ್ಲಿ ಸುಖವಾಗಿದ್ದೀವಿ, ನೀವಲ್ಲಿ ಸುಖವಾಗಿರಿ ಅಂತ. ಹಳೇ ಇನ್‌ಲ್ಯಾಂಡ್ ಲೆಟರ್‌ನ ಮೊದಲ ಸಾಲು ಓದಿದ ಹಾಗಿದೆ. ಚೀನಾದ ಅಮೋಯ್ ಭಾಷೆಯವರು ಎಲ್ಲರನ್ನೂ ಮೀರಿಸಿ, ಬಾಹ್ಯಾಕಾಶದ ಗೆಳೆಯರೇ, ಊಟ ಆಯ್ತಾ, ಬಿಡುವಿದ್ದಾಗ ನಮ್ಮ ಕಡೆ ಬನ್ನಿ ಅಂತ ಕರೆದೇಬಿಟ್ಟಿದ್ದಾರೆ. ಕನ್ನಡದವರು ಶುಭ ಕೋರಿ ಸುಮ್ಮನಾದ್ರು. ಬನ್ನಿ ಅನ್ನಲಿಲ್ಲ, ಬರಬೇಡಿ ಅಂತಲೂ ಅನ್ನಲಿಲ್ಲ.

ಬನ್ನಿ ಅನ್ನಬೇಕಾ, ಅನ್ನಬಾರದಾ? ಅನ್ಯಗ್ರಹಗಳಲ್ಲಿ ಬುದ್ಧಿ ಇರೋ ಜೀವಿಗಳಿದ್ರೆ ನಾವಾಗಿ ಅವರನ್ನ ಕರೀಬೇಕಾ, ಇಲ್ಲ ಬಾಯಿ ಮುಚ್ಚಿಕೊಂಡು ಕೂರಬೇಕಾ? ವಿಜ್ಞಾನಿಗಳು ಐವತ್ತು ವರ್ಷದಿಂದ ಇದಕ್ಕೆ ಜಗಳ ಆಡ್ತಿದ್ದಾರೆ. ನನ್ನ ಪಕ್ಷ ಈಗಲೇ ಹೇಳಿಬಿಡ್ತೀನಿ: ಕಿವಿ ಪೂರ್ತಿ ತೆರೆದಿರಲಿ, ಕೂಗೋದು ಸದ್ಯಕ್ಕೆ ಬೇಡ. ನನ್ನ ಕಾರಣ ಮಾತ್ರ ನೀವು ಅಂದುಕೊಂಡಿರೋದಲ್ಲ.

ವಾಯೇಜರ್ ತಟ್ಟೆಯ ಬಗ್ಗೆ ನನಗೆ ತಕರಾರಿಲ್ಲ. ಅದರ ಮೇಲೆ ನಮ್ಮ ವಿಳಾಸವೇನೋ ಇದೆ, 14 ಪಲ್ಸಾರ್ ನಕ್ಷತ್ರಗಳನ್ನ ಗುರುತು ಹಾಕಿ ಸೂರ್ಯ ಎಲ್ಲಿದ್ದಾನೆ ಅಂತ ನಕ್ಷೆ ಕೆತ್ತಿದ್ದಾರೆ. ಆದ್ರೆ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಹೋದ್ರೂ ಇನ್ನೊಂದು ನಕ್ಷತ್ರದ ಆಸುಪಾಸಿಗೆ ಬರೋಕೆ 40,000 ವರ್ಷ ಬೇಕು. ಆಸುಪಾಸು ಅಂದ್ರೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ದೂರ. ಕಾರ್ತಿಕದಲ್ಲಿ ಹೊಳೆಗೆ ತೇಲಿಬಿಟ್ಟ ದೀಪ ಅದು. ಸಿಕ್ಕಿದವರಿಗೆ ಸಿಕ್ಕೀತು.

ರೇಡಿಯೋ ಬೇರೆ. ಅದು ಬೆಳಕಿನ ವೇಗದಲ್ಲಿ ಹೋಗುತ್ತೆ, ಬೇಕಾದ ಮನೆಗೇ ಗುರಿ ಇಟ್ಟು ಕಳಿಸಬಹುದು.

1974ರ ನವೆಂಬರ್ 16. ಪೋರ್ಟೊ ರಿಕೋದ ಅರೆಸಿಬೋದಲ್ಲಿ 305 ಮೀಟರ್ ಅಗಲದ ರೇಡಿಯೋ ದೂರದರ್ಶಕವನ್ನ ದುರಸ್ತಿ ಮಾಡಿ ಮೇಲ್ದರ್ಜೆಗೆ ಏರಿಸಿದ್ರು. ಅದರ ಸಮಾರಂಭ. ಅತಿಥಿಗಳೆಲ್ಲ ಬಂದಿದ್ದಾರೆ, ಏನಾದ್ರೂ ವಿಶೇಷ ಮಾಡೋಣ ಅಂತ ಫ್ರಾಂಕ್ ಡ್ರೇಕ್ ಅನ್ನೋ ಖಗೋಳ ವಿಜ್ಞಾನಿ ಒಂದು ಸಂದೇಶ ತಯಾರು ಮಾಡಿದ್ರು. ಒಟ್ಟು 1679 ಬಿಟ್, ಅಂದ್ರೆ ಸೊನ್ನೆ ಅಥವಾ ಒಂದು ಅನ್ನೋ ಗುರುತುಗಳು. 23 ಮತ್ತು 73 ಅನ್ನೋ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಅದು. ಹಾಗಾಗಿ ಬುದ್ಧಿ ಇರೋರು ಅದನ್ನ ಸಾಲು ಸಾಲಾಗಿ ಜೋಡಿಸಿದ್ರೆ ಚಿತ್ರ ಮೂಡುತ್ತೆ: ಅಂಕಿಗಳು, ಡಿಎನ್‌ಎ, ಒಂದು ಮನುಷ್ಯಾಕೃತಿ, ಸೌರಮಂಡಲ, ಕೊನೆಗೆ ದೂರದರ್ಶಕದ್ದೇ ಚಿತ್ರ. ರಂಗೋಲಿ ಚುಕ್ಕಿ ಲೆಕ್ಕ ಗೊತ್ತಿರೋ ನಮ್ಮ ಮನೆ ಹೆಂಗಸರಿಗೆ ಈ ಉಪಾಯ ವಿವರಿಸಬೇಕಾಗಿಲ್ಲ. ಮೂರು ನಿಮಿಷದೊಳಗೆ ಎಲ್ಲ ಮುಗೀತು. ಆ ಮೂರು ನಿಮಿಷ, ಆ ಒಂದು ದಿಕ್ಕಿಗೆ, ಆ ಒಂದು ತರಂಗಾಂತರದಲ್ಲಿ ಭೂಮಿ ಸೂರ್ಯನಿಗಿಂತ ಪ್ರಕಾಶಮಾನವಾಗಿತ್ತು.

ಸಂದೇಶ ಹೊರಟಿದ್ದು ಎಂ13 ಅನ್ನೋ ನಕ್ಷತ್ರಗುಚ್ಛಕ್ಕೆ, ಸುಮಾರು 25,000 ಜ್ಯೋತಿರ್ವರ್ಷ ದೂರ. ಅಷ್ಟು ದೂರ ಅಲ್ವಾ, ಏನಾಗುತ್ತೆ ಅಂದ್ರೆ ಏನೂ ಆಗಲ್ಲ. ಆದ್ರೂ ಇಂಗ್ಲೆಂಡಿನ ಮಾರ್ಟಿನ್ ರೈಲ್ ಸಿಟ್ಟಾದ್ರು. ಅದೇ ವರ್ಷ ಭೌತಶಾಸ್ತ್ರದ ನೊಬೆಲ್ ಪಡೆದವರು, ಸಾಮಾನ್ಯರಲ್ಲ. ಆಚೆ ಇರೋರು ಕೆಟ್ಟವರೋ ಹಸಿದವರೋ ಯಾರಿಗೆ ಗೊತ್ತು, ಹೀಗೆ ಹೇಳದೆ ಕೇಳದೆ ಸಂದೇಶ ಕಳಿಸೋದು ಸರಿಯಲ್ಲ ಅಂತ ಆಕ್ಷೇಪ ಎತ್ತಿದ್ರು.

ಯಾರೂ ಕೇಳಲಿಲ್ಲ. ಆಮೇಲೆ ಇದು ಒಂಥರಾ ಚಟ ಆಯ್ತು. ಕ್ರೈಮಿಯದ ಎವ್ಪಟೋರಿಯಾದಲ್ಲಿ 70 ಮೀಟರಿನ ಡಿಶ್ ಇಟ್ಟುಕೊಂಡು ಅಲೆಕ್ಸಾಂಡರ್ ಜೈಟ್ಸೆವ್ ಅನ್ನೋ ವಿಜ್ಞಾನಿ 1999, 2001, 2003, 2008 ಅಂತ ಸಾಲಾಗಿ ಕಳಿಸ್ತಾ ಹೋದ್ರು. 2008ರದ್ದಂತೂ ಬೀಬೋ ಅನ್ನೋ ಸೋಷಿಯಲ್ ಮೀಡಿಯಾದ ಜನ ಬರೆದ 501 ಸಂದೇಶ. ಗ್ಲೀಸ್ 581 ನಕ್ಷತ್ರಕ್ಕೆ ಅದು ತಲುಪೋದು 2029ಕ್ಕೆ. ಬೀಬೋ ಯಾರಿಗಾದ್ರೂ ನೆನಪಿದೆಯಾ? ಸಂದೇಶ ದಾರಿಯಲ್ಲಿರುವಾಗಲೇ ಕಂಪನಿ ದಿವಾಳಿ ಎದ್ದುಹೋಯ್ತು. 2008ರಲ್ಲೇ ನಾರ್ವೆಯ ಸ್ವಾಲ್ಬಾರ್ಡ್‌ನ ರೇಡಾರ್‌ನಿಂದ ಇನ್ನೊಂದು ನಕ್ಷತ್ರದ ಕಡೆ ಡೊರಿಟೋಸ್ ಚಿಪ್ಸ್ ಜಾಹೀರಾತನ್ನೂ ಕಳಿಸಿದ್ರು. ನಿಜವಾಗ್ಲೂ. ಒಂದು ವೇಳೆ ಅಲ್ಲಿ ಯಾರಾದ್ರೂ ಇದ್ರೆ, ನಲವತ್ತು ಚಿಲ್ಲರೆ ವರ್ಷ ಆದಮೇಲೆ ಮನುಷ್ಯಕುಲದ ಮೊದಲ ಮಾತಾಗಿ ಅವರಿಗೆ ಕೇಳಿಸೋದು ಖಾರದ ಚಿಪ್ಸ್.

ಹೀಗೆ ಕೂಗೋದು ಅಂದಾಗ ನೆನಪಾಯ್ತು. ನಮ್ಮಲ್ಲಿ ರಾತ್ರಿ ಹತ್ತರ ಮೇಲೆ ಗಣೇಶನ ಪೆಂಡಾಲಿನಲ್ಲಿ ಮೈಕ್ ಹಾಕಿದ್ರೆ ಪೊಲೀಸರು ಬರ್ತಾರೆ. ನಕ್ಷತ್ರದ ಕಡೆ ತಿರುಗಿ ಇಡೀ ಭೂಮಿಯ ಹೆಸರಲ್ಲಿ ಕೂಗಿದ್ರೆ ಯಾರೂ ಬರಲ್ಲ. ಅದನ್ನ ತಡೆಯೋ ಅಂತರರಾಷ್ಟ್ರೀಯ ಕಾನೂನೇ ಇಲ್ಲ. ಬೆಂಗಳೂರಿಂದ ಒಂದು ಗಂಟೆ ದಾರಿಯ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ, ಚಂದ್ರಯಾನ ಮಂಗಳಯಾನಗಳಿಗೆ ಅಪ್ಪಣೆ ಹೋಗಿದ್ದು ಅಲ್ಲಿಂದಲೇ. ಅಂಥದ್ದೊಂದು ಡಿಶ್ ಯಾವ ದೇಶದ ಯಾರ ಕೈಲಿದ್ರೂ ಅವರು ಭೂಮಿಯ ರಾಯಭಾರಿ ಆಗಬಹುದು.

ಈಗ ಅಪಾಯದ ಮಾತು. 2010ರಲ್ಲಿ ಸ್ಟೀಫನ್ ಹಾಕಿಂಗ್ ಕೊಲಂಬಸ್ ಉದಾಹರಣೆ ಕೊಟ್ರು: ಅನ್ಯಗ್ರಹದವರು ಬಂದ್ರೆ, ಕೊಲಂಬಸ್ ಬಂದಾಗ ಅಮೆರಿಕದ ಮೂಲನಿವಾಸಿಗಳಿಗೆ ಆದ ಗತಿಯೇ ನಮಗೂ ಆಗಬಹುದು ಅಂತ. ಎಲ್ಲರೂ ಅದನ್ನೇ ಹೇಳ್ತಾರೆ. ನನಗೆ ಅದು ಸಾಕಾಗಲ್ಲ, ಯಾಕಂದ್ರೆ ಆ ಕಥೆಯಲ್ಲಿ ನಾವು ಇಲ್ಲ. ನಾವೇ ಅನ್ಯಗ್ರಹದವರಾಗಿರೋ ಒಂದು ಕಥೆ ನಮ್ಮ ದೇಶದೊಳಗೇ ಇದೆ.

ಅಂಡಮಾನ್. ಪೋರ್ಟ್ ಬ್ಲೇರ್‌ನಿಂದ, ಈಗ ಶ್ರೀ ವಿಜಯಪುರಂ ಅಂತಾರೆ, ಸುಮಾರು 50 ಕಿಲೋಮೀಟರ್ ದೂರದಲ್ಲಿ ಉತ್ತರ ಸೆಂಟಿನಲ್ ದ್ವೀಪ. ಅಲ್ಲಿನ ಜನಕ್ಕೆ ನಾವು ಬೇಡ. 1880ರಲ್ಲಿ ಬ್ರಿಟಿಷ್ ಅಧಿಕಾರಿ ಮಾರಿಸ್ ಪೋರ್ಟ್‌ಮನ್ ಅಲ್ಲಿಂದ ಆರು ಜನರನ್ನ ಹಿಡಿದು ತಂದ, ಇಬ್ಬರು ವೃದ್ಧರು ಮತ್ತು ನಾಲ್ಕು ಮಕ್ಕಳು. ವೃದ್ಧರು ಕಾಯಿಲೆ ಬಿದ್ದು ಸತ್ತರು. ಮಕ್ಕಳ ಕೈಗೆ ಉಡುಗೊರೆ ಕೊಟ್ಟು ವಾಪಸ್ ಬಿಟ್ಟ. ಆ ಮಕ್ಕಳು ಏನು ಹೊತ್ತುಕೊಂಡು ಹೋದ್ರು, ದಡದಲ್ಲಿ ನಿಂತು ಏನು ಹೇಳಿದ್ರು, ನಮಗೆ ಗೊತ್ತಾಗೋ ದಾರಿಯೇ ಇಲ್ಲ.

ಪೋರ್ಟ್‌ಮನ್‌ನ ಬಿಡಿ, ಅವನು ಬ್ರಿಟಿಷ್ ಸಾಹೇಬ. ಸ್ವತಂತ್ರ ಭಾರತದವರು ಒಳ್ಳೆಯ ಮನಸ್ಸಿನಿಂದಲೇ ಹೋದ್ರು. 1967ರಿಂದ ಮಾನವಶಾಸ್ತ್ರಜ್ಞ ಟಿ.ಎನ್. ಪಂಡಿತ್ ಮತ್ತು ಜೊತೆಯವರು ಹೋಗೋದು, ದಡದಲ್ಲಿ ತೆಂಗಿನಕಾಯಿ ಇಟ್ಟು ಬರೋದು. ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಕೆಲಸ. 1991ರ ಜನವರಿಯಲ್ಲಿ ಮೊದಲ ಬಾರಿ ದ್ವೀಪದವರು ಬಿಲ್ಲು ಬಾಣ ಬದಿಗಿಟ್ಟು, ನೀರಿಗಿಳಿದು, ಕೈಯಾರೆ ಕಾಯಿ ತಗೊಂಡ್ರು. ಆ ತಂಡದಲ್ಲಿ ಮಧುಮಾಲಾ ಚಟ್ಟೋಪಾಧ್ಯಾಯ ಅನ್ನೋ ಮಹಿಳೆ ಇದ್ರು. ಎಂಥಾ ದೃಶ್ಯ ಅಲ್ವಾ? ಎರಡು ಲೋಕ ಮುಖಾಮುಖಿ, ನಡುವೆ ಒಂದು ತೆಂಗಿನಕಾಯಿ. ಆದ್ರೆ ಕೆಲವೇ ವರ್ಷದಲ್ಲಿ ಸರ್ಕಾರ ಆ ಪ್ರವಾಸಗಳನ್ನ ನಿಲ್ಲಿಸ್ತು.

ಯಾಕೆ? ಪಕ್ಕದ ದ್ವೀಪಗಳನ್ನ ನೋಡಿ. ಜಾರವಾ ಜನ 1990ರ ದಶಕದ ಕೊನೆಗೆ ತಾವಾಗೇ ಕಾಡಿಂದ ಹೊರಗೆ ಬಂದು ನಮ್ಮವರ ಜೊತೆ ಬೆರೆತರು. 1999ರಲ್ಲಿ ಅವರಿಗೆ ದಡಾರ ಬಂತು. ಯಾರೂ ಅವರನ್ನ ಕೊಲ್ಲೋಕೆ ಹೋಗಿರಲಿಲ್ಲ, ಯಾರೋ ಕೆಮ್ಮಿದ್ರು ಅಷ್ಟೇ. ಗ್ರೇಟ್ ಅಂಡಮಾನಿಗಳ ಕಥೆ ಇನ್ನೂ ಘೋರ. 19ನೇ ಶತಮಾನದ ನಡುವೆ ಸಾವಿರಗಟ್ಟಲೆ ಇದ್ದವರು ನೂರು ವರ್ಷದಲ್ಲಿ ಬೆರಳೆಣಿಕೆಗೆ ಬಂದ್ರು. ಅವರ ಭಾಷೆಗಳಲ್ಲಿ ಬೋ ಅನ್ನೋದು ಒಂದು. ಅದನ್ನ ಮಾತಾಡೋ ಕೊನೆಯ ಹೆಣ್ಣುಮಗಳು ಬೋವಾ ಸೀನಿಯರ್ 2010ರಲ್ಲಿ ತೀರಿಹೋದ್ರು. ಕೊನೆಗಾಲದಲ್ಲಿ ಆಕೆಗೆ ತನ್ನ ಭಾಷೆಯಲ್ಲಿ ಊಟ ಆಯ್ತಾ ಅಂತ ಕೇಳೋರು ಒಬ್ಬರೂ ಇರಲಿಲ್ಲ.

ಇಲ್ಲಿ ನೀವು ನನ್ನನ್ನ ತಡೀತೀರ. ರೇಡಿಯೋ ಅಲೆಯಲ್ಲಿ ದಡಾರ ಬರಲ್ಲವಲ್ಲ ಸ್ವಾಮಿ? ಒಪ್ತೀನಿ. ಇನ್ನೊಂದೂ ಒಪ್ತೀನಿ: ನಕ್ಷತ್ರದಿಂದ ನಕ್ಷತ್ರಕ್ಕೆ ಹಾರೋ ತಾಕತ್ತು ಇರೋರಿಗೆ ನಾವಿಲ್ಲಿ ಇದ್ದೀವಿ ಅಂತ ಅರೆಸಿಬೋ ಹೇಳಬೇಕಾಗಿಲ್ಲ. ನಮ್ಮ ಗಾಳಿಯಲ್ಲಿ ಆಮ್ಲಜನಕ ಎರಡು ನೂರು ಕೋಟಿ ವರ್ಷದಿಂದ ಇದೆ, ಒಳ್ಳೆ ದೂರದರ್ಶಕ ಇದ್ರೆ ಇಲ್ಲಿ ಜೀವ ಇದೆ ಅಂತ ಅದೇ ಸಾರುತ್ತೆ. ಟಿವಿ, ರೇಡಿಯೋ ಪ್ರಸಾರ ಸೋರಿಕೊಂಡು ಹೋಗ್ತಾನೇ ಇದೆಯಲ್ಲ ಅನ್ನೋ ವಾದ ಮಾತ್ರ ನಾನು ಪೂರ್ತಿ ಒಪ್ಪಲ್ಲ. ದೂರ ಎರಡರಷ್ಟಾದ್ರೆ ಅಲೆಯ ಬಲ ಕಾಲು ಭಾಗಕ್ಕೆ ಇಳಿಯುತ್ತೆ. ಊರಿನ ದೀಪದ ಮಬ್ಬು ಬೆಳಕಿಗೂ, ಗುರಿ ಇಟ್ಟು ಕಣ್ಣಿಗೆ ಬಿಟ್ಟ ಟಾರ್ಚಿಗೂ ವ್ಯತ್ಯಾಸ ಇದೆ.

ಹಾಗಾಗಿ ಯುದ್ಧನೌಕೆಗಳು ಬರ್ತಾವೆ ಅಂತ ನನಗೆ ಹೆದರಿಕೆ ಇಲ್ಲ. ನನ್ನ ಕಾರಣ ಆ ಸೆಂಟಿನಲ್ ದಡದಲ್ಲೇ ಇದೆ. ಅಲ್ಲಿನವರು 2004ರ ಸುನಾಮಿ ಆದಮೇಲೆ ಬದುಕಿದ್ದಾರಾ ಅಂತ ನೋಡೋಕೆ ಬಂದ ಹೆಲಿಕಾಪ್ಟರಿಗೂ ಬಾಣ ಬಿಟ್ಟರು. ಅವರ ಆ 'ಬೇಡ'ವನ್ನ ನಮ್ಮ ಕಾನೂನು ಮನ್ನಿಸುತ್ತೆ, ಹತ್ತಿರ ಹೋಗೋದೇ ಅಪರಾಧ. ಈಗ ಹೀಗೆ ಯೋಚನೆ ಮಾಡಿ: ಅವರಲ್ಲೇ ಒಬ್ಬ ಹುಡುಗ, ತುಂಬಾ ಕುತೂಹಲದವನು, ಒಳ್ಳೆಯವನು. ಒಂದು ರಾತ್ರಿ ದಡದಲ್ಲಿ ದೊಡ್ಡ ಬೆಂಕಿ ಹಾಕಿ ಹಡಗುಗಳಿಗೆ ಕೈ ಬೀಸಿದ. ಯಾರನ್ನೂ ಕೇಳಲಿಲ್ಲ. ಹಡಗು ಬರುತ್ತೆ. ಬಂದವರು ಒಳ್ಳೆಯವರೇ ಇರಬಹುದು, ಡಾಕ್ಟರೂ ಇರಬಹುದು. ಆದ್ರೆ ಅವತ್ತಿನಿಂದ ಆ ದ್ವೀಪ ಮೊದಲಿನ ದ್ವೀಪ ಅಲ್ಲ, ಮತ್ತೆ ಹಾಗಾಗೋದೂ ಇಲ್ಲ. ಅವನ ಅಜ್ಜಿಗೆ, ತಂಗಿಗೆ, ಇನ್ನೂ ಹುಟ್ಟದೇ ಇರೋ ಮಕ್ಕಳಿಗೆ ಬೇಕಿತ್ತಾ ಬೇಡವಾಗಿತ್ತಾ ಅಂತ ಕೇಳೋ ಅವಕಾಶವೇ ಹೋಯ್ತು. ಜೈಟ್ಸೆವ್ ನನಗೆ ಆ ಹುಡುಗನ ಹಾಗೆ ಕಾಣ್ತಾರೆ. ಕೆಟ್ಟವರಲ್ಲ. ಕೇಳಲಿಲ್ಲ, ಅಷ್ಟೇ.

ಅವರದ್ದೊಂದು ಗಟ್ಟಿ ಪ್ರಶ್ನೆ ಇದೆ, ಅದನ್ನ ಮುಚ್ಚಿಡಬಾರದು. ಎಲ್ಲರೂ ಕೇಳಿಸಿಕೊಳ್ತಾನೇ ಕೂತ್ರೆ ಮಾತಾಡೋರು ಯಾರು? ನಮ್ಮಲ್ಲಿ ಹೆಣ್ಣು ನೋಡಿ ಬಂದಮೇಲೆ ಆಗುತ್ತಲ್ಲ, ಹಾಗೆ. ಅವರೇ ಫೋನ್ ಮಾಡಲಿ ಅಂತ ಇವರು, ಇವರೇ ಮಾಡಲಿ ಅಂತ ಅವರು. ಒಳ್ಳೆ ಸಂಬಂಧ ಕೈ ತಪ್ಪಿಹೋಗುತ್ತೆ. ನಿಜವೇ. ಆದ್ರೆ ನಾವು ಕಿವಿಗೊಟ್ಟಿದ್ದಾದ್ರೂ ಎಷ್ಟು ದಿನ? ಇದೇ ಡ್ರೇಕ್ ಎರಡು ನಕ್ಷತ್ರಗಳ ಕಡೆ ಮೊದಲ ಬಾರಿ ಆಂಟೆನಾ ತಿರುಗಿಸಿದ್ದು 1960ರಲ್ಲಿ. ಈ ಹುಡುಕಾಟದಲ್ಲೇ ಜೀವಮಾನ ಕಳೆದ ಜಿಲ್ ಟಾರ್ಟರ್ ಹೇಳೋ ಹಾಗೆ, ಇಡೀ ಸಮುದ್ರದಲ್ಲಿ ಮೀನಿದೆಯಾ ಅಂತ ನೋಡೋಕೆ ನಾವು ಒಂದು ಲೋಟ ನೀರು ಎತ್ತಿದ್ದೀವಿ. ಒಂದು ಲೋಟ ನೋಡಿ ಮೀನೇ ಇಲ್ಲ, ಕೂಗೋಣ ಅಂದ್ರೆ ಹೇಗೆ?

ಅವರೇ ಮೊದಲು ಕರೆದ್ರೆ? ಅದಕ್ಕೆ ನಮ್ಮ ಊರುಗಳಲ್ಲಿ ಹಳೇ ನಿಯಮ ಇದೆ. ರಾತ್ರಿ ಹೊತ್ತು ಯಾರಾದ್ರೂ ಒಂದೇ ಸಲ ಹೆಸರು ಹಿಡಿದು ಕೂಗಿದ್ರೆ ಓಗೊಡಬಾರದು. 90ರ ದಶಕದಲ್ಲಿ ಬೆಂಗಳೂರಿನ ಗಲ್ಲಿಗಲ್ಲಿಯ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದು ನಿಮ್ಮಲ್ಲಿ ಕೆಲವರು ನೋಡಿರ್ತೀರ. ದೆವ್ವ ನಮ್ಮವರದ್ದೇ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದ್ರೆ ಕಥೆ ಮುಗೀತು ಅಂತ ಸುದ್ದಿ. ನಾನು ನಗ್ತಿದ್ದೆ. ಆಮೇಲೆ ಗೊತ್ತಾಯ್ತು, ಅನ್ಯಲೋಕದ ಸಂಕೇತ ಹುಡುಕೋ ವಿಜ್ಞಾನಿಗಳ ಒಪ್ಪಂದದಲ್ಲೂ ಹೆಚ್ಚುಕಮ್ಮಿ ಇದೇ ಇದೆ: ಸಂಕೇತ ಸಿಕ್ಕಿದ್ರೆ ಮೊದಲು ಖಚಿತ ಮಾಡಿಕೊಳ್ಳಿ, ಎಲ್ಲರಿಗೂ ತಿಳಿಸಿ, ಅಂತರರಾಷ್ಟ್ರೀಯ ಸಮಾಲೋಚನೆ ಆಗದೆ ಉತ್ತರ ಕೊಡಬೇಡಿ. 2010ರಲ್ಲಿ ತಿದ್ದಿದ ಒಪ್ಪಂದ. ಯಾರನ್ನೂ ಕಟ್ಟಿಹಾಕೋ ಬಲ ಅದಕ್ಕಿಲ್ಲ, ಬಾಗಿಲ ಮೇಲಿನ ಬರಹದಷ್ಟೇ ಅದು.

ಎರಡು ರಾಜ್ಯ ಕೂತು ಒಂದು ನದಿಯ ನೀರು ಹಂಚಿಕೊಳ್ಳೋಕೆ ಪಟ್ಟ ಪಾಡು ನಾವು ನೋಡಿದ್ದೀವಿ. ಇಡೀ ಜಗತ್ತು ಒಟ್ಟಿಗೆ ಕೂತು ನಕ್ಷತ್ರಗಳಿಗೆ ಒಂದೇ ಮಾತು ಹೇಳುತ್ತೆ ಅಂತ ನಂಬೋಷ್ಟು ಮುಗ್ಧ ನಾನಲ್ಲ. ನಾನು ಕೇಳ್ತಿರೋದು ಅದಕ್ಕಿಂತ ತುಂಬಾ ಚಿಕ್ಕದು. ಕಳಿಸೋ ಮುಂಚೆ ಎಲ್ಲರಿಗೂ ಗೊತ್ತಾಗೋ ಹಾಗೆ ಹೇಳಿ, ಏನು ಕಳಿಸ್ತೀರ, ಎಲ್ಲಿಗೆ, ಯಾಕೆ ಅಂತ. ಬೇಡ ಅನ್ನೋರ ಮಾತು ಕೇಳಿಸಿಕೊಳ್ಳೋಕೆ ಒಂದಿಷ್ಟು ವರ್ಷ ಬಿಡಿ. 2015ರಲ್ಲಿ ಹಲವು ವಿಜ್ಞಾನಿಗಳು ಸಹಿ ಹಾಕಿ ಮೊದಲು ಜಗತ್ತಿನ ಮಟ್ಟದಲ್ಲಿ ಚರ್ಚೆ ಆಗಲಿ ಅಂದಿದ್ದೂ ಇದನ್ನೇ. ಎರಡೇ ವರ್ಷಕ್ಕೆ, 2017ರಲ್ಲಿ, ನಾರ್ವೆಯ ಟ್ರೋಮ್ಸೋದಿಂದ ಲೂಟನ್ ನಕ್ಷತ್ರಕ್ಕೆ ಇನ್ನೊಂದು ಸಂದೇಶ ಹೋಯ್ತು. ಅದು ಹತ್ತಿರದ್ದು, 12 ಚಿಲ್ಲರೆ ಜ್ಯೋತಿರ್ವರ್ಷ. 2030ಕ್ಕೆ ಮುಟ್ಟುತ್ತೆ. ಅಲ್ಲಿ ಯಾರಾದ್ರೂ ಇದ್ದು ತಕ್ಷಣ ಓಗೊಟ್ಟರೆ 2042ರ ಹೊತ್ತಿಗೆ ಇಲ್ಲಿ ಕೇಳಿಸುತ್ತೆ.

ಕಾಮೆಂಟಲ್ಲಿ ಬೈಯೋರು ಬೈಯಿರಿ, ಓದ್ತೀನಿ. ಜೊತೆಗೆ ಇದನ್ನೂ ಬರೀರಿ: ಆ ತಟ್ಟೆಯ ಮುಂದೆ ನಿಮ್ಮನ್ನ ಕೂರಿಸಿದ್ರೆ ಕನ್ನಡಿಗರ ಪರವಾಗಿ ಏನು ಹೇಳ್ತಿದ್ರಿ? ನಾನಾಗಿದ್ರೆ ಅಮೋಯ್‌ನವರದ್ದೇ ಕದ್ದು "ಊಟ ಆಯ್ತಾ" ಅಂತ ಕೇಳಿ, ಮೈಕ್ ಆಫ್ ಮಾಡಿಬಿಡ್ತಿದ್ದೆ. ಬರ್ತೀನಿ.